ಮುಖಕ್ಕೆ ಹೊಡೆದ ಹಾಗೆ ಹೇಳದೆ ಇಂಗ್ಲಿಷ್ ತಿದ್ದುವುದು

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಕನ್ನಡದವರನ್ನು ಕೂರಿಸಿಕೊಂಡು ಇಂಗ್ಲಿಷ್ ಮಾತಾಡಿಸುತ್ತೇನೆ. ಪಾಠಕ್ಕಿಂತ ಹರಟೆಯೇ ಜಾಸ್ತಿ. ಹೋಟೆಲ್ ಗಲ್ಲಾದಲ್ಲಿ ಕೂರುವವರು ಬರುತ್ತಾರೆ. ಮಕ್ಕಳು ದೊಡ್ಡವರಾದ ಮೇಲೆ ಕೆಲಸ ಹುಡುಕುತ್ತಿರುವ ಹೆಂಗಸರು ಬರುತ್ತಾರೆ. ಊರಲ್ಲಿ ಕನ್ನಡ ಮೀಡಿಯಂ ಓದಿ ನವಿ ಮುಂಬೈಯ ಐರೋಲಿಯ ಆಫೀಸುಗಳಿಗೆ ಸೇರಿದ ಹುಡುಗರೂ ಇದ್ದಾರೆ. ಇವರಿಗೆ ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ಯಾರೋ ಒಮ್ಮೆ ನಾಲ್ಕು ಜನರ ಮುಂದೆ ತಿದ್ದಿರುತ್ತಾರೆ, ಅವತ್ತಿನಿಂದ ಬಾಯಿ ಕಟ್ಟಿರುತ್ತದೆ.

ಹಾಗಾಗಿ ಮಾತಿನ ಮಧ್ಯೆ ನಾನು ಬಾಯಿ ಹಾಕುವುದಿಲ್ಲ. ಅವರು ಹೇಳಿ ಮುಗಿಸಲಿ. ಮುಗಿದ ಮೇಲೂ ಕೇಳಿದ ತಪ್ಪನ್ನೆಲ್ಲ ಎತ್ತಿ ಆಡುವುದಿಲ್ಲ.

ಕೆಲವನ್ನಂತೂ ಮುಟ್ಟುವುದೇ ಇಲ್ಲ. 'ಪ್ರಿಪೋನ್' ಅಂದರೆ ಅನ್ನಲಿ, ಅದು ಆಕ್ಸ್‌ಫರ್ಡ್ ಡಿಕ್ಷನರಿಯಲ್ಲೇ ಇದೆ. 'ಕಸಿನ್ ಬ್ರದರ್' ಅಂದರೂ ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಅದಕ್ಕೆಲ್ಲ ಮೂಗು ಮುರಿಯುವವರನ್ನು ಕಂಡರೆ ನನಗೇ ಆಗುವುದಿಲ್ಲ.

ಅರ್ಥ ಕೆಡಿಸುವ ತಪ್ಪಾದರೆ ಸುಮ್ನೆ ಬಿಡುವುದಿಲ್ಲ. 'ಐ ಪಾಸ್ಡ್ ಔಟ್ ಇನ್ 2019' ಅಂತ ವಿದೇಶದ ಕ್ಲೈಂಟ್‌ಗೆ ಹೇಳಿದರೆ, ಪಾಪ, ಪ್ರಜ್ಞೆ ತಪ್ಪಿ ಬಿದ್ದಿದ್ದರು ಅಂದುಕೊಳ್ಳುತ್ತಾರೆ. 'ಗ್ರ್ಯಾಜುಯೇಟೆಡ್' ಅಂದರೆ ಆಯಿತು. 'ಐ ಹ್ಯಾವ್ ಎ ಡೌಟ್' ಅಂದರೆ ಅವರ ಮಾತಿನ ಮೇಲೇ ನಮಗೆ ಅನುಮಾನ ಇದ್ದ ಹಾಗೆ ಕೇಳಿಸುತ್ತದೆ. ನಮಗೆ ಬೇಕಿರುವುದು 'ಕ್ವೆಶ್ಚನ್'. ಇನ್ನು 'ಐ ಯಾಮ್ ಹ್ಯಾವಿಂಗ್ ಟೂ ಚಿಲ್ಡ್ರನ್' ಅಂದರೆ ಅವಳಿ ಮಕ್ಕಳು ಹೊಟ್ಟೆಯಲ್ಲಿವೆ ಅಂತಲೂ ಆಗಬಹುದು! ಹ್ಯಾವ್, ನೋ, ಲೈಕ್, ಅಂಡರ್‌ಸ್ಟ್ಯಾಂಡ್ ಇವೆಲ್ಲ ಇರುವ ಸ್ಥಿತಿಯನ್ನು ಹೇಳುವ ಕ್ರಿಯಾಪದಗಳು. 'ನನ್ನ ಹತ್ತಿರ ಇದೆ', 'ನನಗೆ ಗೊತ್ತು' ಅನ್ನುವ ಅರ್ಥದಲ್ಲಿ ಇವುಗಳಿಗೆ 'ಇಂಗ್' ಹಚ್ಚುವಂತಿಲ್ಲ.

ಎಲ್ಲಕ್ಕಿಂತ ಹಠಮಾರಿ ತಪ್ಪು 'ಫ್ರಮ್' ಮತ್ತು 'ಫಾರ್'ದು. ಗಲ್ಲಾದ ಶೆಟ್ರೊಬ್ಬರು ಒಂದು ಭಾನುವಾರ ಹೇಳಿದರು: 'ಐ ಯಾಮ್ ವರ್ಕಿಂಗ್ ಹಿಯರ್ ಫ್ರಮ್ ಟ್ವೆಂಟಿ ಇಯರ್ಸ್.'

'ಓಹೋ, ಯು ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟ್ವೆಂಟಿ ಇಯರ್ಸ್!' ಅಂದೆ.

'ಎಸ್ ಎಸ್, ಫ್ರಮ್ ಟ್ವೆಂಟಿ ಇಯರ್ಸ್' ಅಂದರು, ಖುಷಿಯಿಂದ.

ತಪ್ಪು ಅಂತ ಹೇಳದೆ, ಸರಿಯಾದ ವಾಕ್ಯವನ್ನು ನಮ್ಮ ಉತ್ತರದಲ್ಲೇ ಸೇರಿಸಿ ಹೇಳುವುದು ಬಹಳ ಮರ್ಯಾದೆಯ ದಾರಿ. ಭಾಷೆ ಕಲಿಸುವವರು ಇದನ್ನು 'ರೀಕಾಸ್ಟ್' ಅನ್ನುತ್ತಾರೆ. ತೊಂದರೆ ಏನೆಂದರೆ, ಎಷ್ಟೋ ಸಲ ಎದುರಿನವರಿಗೆ ತಿದ್ದಿದ್ದೇ ಗೊತ್ತಾಗುವುದಿಲ್ಲ. ಕೆನಡಾದಲ್ಲಿ ಫ್ರೆಂಚ್ ಕಲಿಸುವ ತರಗತಿಗಳನ್ನು ನೋಡಿ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ಎಂಬ ಸಂಶೋಧಕರು 1997ರಲ್ಲಿ ಬರೆದದ್ದೂ ಇದನ್ನೇ. ಮೇಷ್ಟರುಗಳು ತಿದ್ದಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ರೀಕಾಸ್ಟ್. ಆದರೆ ಮಕ್ಕಳು ತಾವೇ ಸರಿಪಡಿಸಿಕೊಂಡದ್ದು ಸುಳಿವು ಕೊಟ್ಟು ಕೇಳಿದಾಗ.

ನಾನೂ ಕೇಳಿದೆ. 'ಶೆಟ್ರೇ, ಟ್ವೆಂಟಿ ಇಯರ್ಸ್ ಅನ್ನೋದು ಕೆಲಸಕ್ಕೆ ಸೇರಿದ ದಿನವೋ, ಆಮೇಲೆ ಕಳೆದ ಕಾಲವೋ?'

'ಕಳೆದ ಕಾಲ ಅಲ್ವಾ ಟೀಚರೇ.'

'ಕಳೆದ ಕಾಲಕ್ಕೆ ಫ್ರಮ್ ಬರಲ್ಲ. ಮತ್ತೆ ಯಾವುದು?'

ಸ್ವಲ್ಪ ತಡೆದು, 'ಫಾರ್' ಅಂದರು.

'ಸೇರಿದ ವರ್ಷ ಹೇಳ್ಬೇಕಾದ್ರೆ?'

'ಸಿನ್ಸ್! ಸಿನ್ಸ್ 2004.'

'ಯಾಮ್ ವರ್ಕಿಂಗ್' ಅನ್ನು 'ಹ್ಯಾವ್ ಬೀನ್ ವರ್ಕಿಂಗ್' ಮಾಡುವ ಕೆಲಸ ಮುಂದಿನ ವಾರಕ್ಕೆ ಇಟ್ಟೆ. ಒಂದು ಸಲಕ್ಕೆ ಒಂದೇ ತಪ್ಪು ಸಾಕು. ಅದೂ ಈ 'ಫ್ರಮ್' ತಪ್ಪು ಶೆಟ್ರೊಬ್ಬರದ್ದಲ್ಲ. ನಾವು 'ಇಪ್ಪತ್ತು ವರ್ಷದಿಂದ' ಅನ್ನುತ್ತೇವೆ, ಹಿಂದಿಯವರು 'ಬೀಸ್ ಸಾಲ್ ಸೆ', ಮರಾಠಿಯವರು 'ವೀಸ್ ವರ್ಷಾಂಪಾಸೂನ್'. ಮುಂಬೈಯಲ್ಲಿ ಸುತ್ತಲೂ ಅದೇ 'ಫ್ರಮ್' ಕೇಳಿಸುವಾಗ ಕಿವಿಗೆ ತಪ್ಪು ಅನಿಸುವುದಾದರೂ ಹೇಗೆ? ಇದನ್ನು ಬಿಡಿಸಿ ಹೇಳಿದರೆ ಜನರಿಗೆ ಅರ್ಧ ನಾಚಿಕೆ ಹೋಗುತ್ತದೆ. ತಾವು ದಡ್ಡರಲ್ಲ, ತಾಯಿನುಡಿಯ ಜಾಡಿನಲ್ಲೇ ಇದ್ದೇವೆ ಅಂತ ಗೊತ್ತಾಗುತ್ತದೆ.

'ಡಿಡ್ ನಾಟ್ ವೆಂಟ್' ಅನ್ನುವವರಿಗೆ, ಭೂತಕಾಲದ ಮೂಟೆಯನ್ನು ಡಿಡ್ ಆಗಲೇ ಹೊತ್ತಿದೆ, ಗೋ ಕೈ ಬೀಸಿಕೊಂಡು ನಡೆಯಲಿ ಅನ್ನುತ್ತೇನೆ. 'ಒನ್ ಆಫ್ ಮೈ ಫ್ರೆಂಡ್' ಅಂದರೆ 'ಎಷ್ಟು ಜನರಲ್ಲಿ ಒಬ್ಬ?' ಅಂತ ಕೇಳಿದರೆ ಸಾಕು, 'ಫ್ರೆಂಡ್ಸ್' ತಾನೇ ಬರುತ್ತದೆ. 'ಡಿಸ್ಕಸ್ ಅಬೌಟ್'ನಲ್ಲಿ ಅಬೌಟ್ ಬೇಡ, 'ಎಕ್ಸ್‌ಪ್ಲೇನ್ ಮಿ'ಯಲ್ಲಿ ನಡುವೆ 'ಟು' ಬೇಕು. ಇವಕ್ಕೆ ಕಾರಣ ಹುಡುಕುತ್ತಾ ಕೂರುವುದಿಲ್ಲ, ಬಾಯಿಪಾಠ ಮಾಡಿ ಅನ್ನುತ್ತೇನೆ. 'ಎ' ಮತ್ತು 'ದ' ಮಾತ್ರ ಕನ್ನಡದಲ್ಲಿ ಅಂಥದ್ದೇ ಇಲ್ಲದ ಕಾರಣ ಕೊನೆಯವರೆಗೂ ಕಾಡುತ್ತವೆ. ಮಾತಿನಲ್ಲಿ ಅವು ಬಿಟ್ಟುಹೋದರೆ ನಾನು ಕೇಳಿಸಿಕೊಂಡಿಲ್ಲ ಅನ್ನುವ ಹಾಗೆ ಇದ್ದುಬಿಡುತ್ತೇನೆ. ಅರ್ಜಿಯಲ್ಲೋ ಮೇಲ್‌ನಲ್ಲೋ ಬಿಟ್ಟುಹೋದರೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತೇನೆ.

ಆಫೀಸಿನ ಹುಡುಗರ ಪ್ರಶ್ನೆ ಬೇರೆ. ಜೊತೆಯವರು ತಪ್ಪು ಬರೆದರೆ ಏನು ಮಾಡುವುದು? ಅವರು ಕೇಳದೆ ತಿದ್ದಬೇಡಿ, ಗ್ರೂಪ್‌ನಲ್ಲಂತೂ ಬೇಡವೇ ಬೇಡ. ಮೇಲ್ ಇನ್ನೂ ಕಳಿಸಿಲ್ಲದಿದ್ದರೆ ಅವರೊಬ್ಬರಿಗೇ 'ಶಾಲ್ ವಿ ಸೇ ಇಟ್ ದಿಸ್ ವೇ?' ಅಂತ ಬರೆದು ಸರಿಯಾದ ಸಾಲು ಕೆಳಗೆ ಕೊಡಿ. ಆ 'ವಿ' ಇದ್ದರೆ ತಪ್ಪು ಒಬ್ಬರ ತಲೆ ಮೇಲೆ ಬೀಳುವುದಿಲ್ಲ. ಬಾಸ್ ಆದರೆ, ಅರ್ಥ ಕೆಡುವ ಕಡೆ ಮಾತ್ರ 'ಡು ಯು ಮೀನ್ ಮಂಡೇ ದ ಟ್ವೆಲ್ಫ್ತ್, ಸರ್?' ಅಂತ ವಿಷಯವನ್ನೇ ಕೇಳಿ. ವ್ಯಾಕರಣದ ಸುದ್ದಿ ಎತ್ತಬೇಡಿ. ಮೇಲ್ ಹೋಗಿಯೇ ಬಿಟ್ಟಿದ್ದರೆ, ತಾರೀಕು ದುಡ್ಡಿನ ಲೆಕ್ಕ ಏನೂ ತಪ್ಪಿಲ್ಲದಿದ್ದರೆ, ಅದನ್ನು ಅಲ್ಲಿಗೇ ಬಿಡಿ.