‘ನಂಗೇನೂ ಆಗಿಲ್ಲ’ ಅನ್ನುವವರನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದು ಹೇಗೆ?

ಅಣ್ಣ ಆಲೆಮನೆ ಕೆಲಸ ಬಿಟ್ಟು ಕೋಣೆ ಸೇರಿದಾಗ ಅವನಿಗೆ 24 ವರ್ಷ. ಮಂಡ್ಯದ ಹತ್ತಿರದ ಹಳ್ಳಿ ನಮ್ಮದು. ಪಂಪ್‌ಸೆಟ್ಟಿನ ಸದ್ದಿನೊಳಗೆ ಯಾರೋ ತನ್ನನ್ನು ಬೈಯುತ್ತಾರೆ ಅನ್ನುತ್ತಿದ್ದ. ಆಸ್ಪತ್ರೆಗೆ ಹೋಗೋಣ ಅಂದರೆ, ‘ನಂಗೇನೂ ಆಗಿಲ್ಲ, ನಿಮ್ಗೇ ಏನೋ ಆಗದೆ’ ಅನ್ನುತ್ತಿದ್ದ. ಅವ್ವ ಅತ್ತಳು, ಅಪ್ಪ ಗದರಿದರು, ನಾನು ವಾದ ಮಾಡಿದೆ. ಒಂದು ವರ್ಷ ಹೀಗೇ ಕಳೆಯಿತು.

ಮೊದಲು, ಇದು ಹಟ ಅಲ್ಲ ಅಂತ ತಿಳಿಯಿರಿ

ಎಡಗೈಗೆ ಲಕ್ವ ಹೊಡೆದಿದ್ದರೂ ಕೆಲವು ರೋಗಿಗಳಿಗೆ ಅದರ ಅರಿವೇ ಇರುವುದಿಲ್ಲ. 1914ರಲ್ಲಿ ಪ್ಯಾರಿಸ್ಸಿನ ನರರೋಗ ವೈದ್ಯ ಜೋಸೆಫ್ ಬಬಿನ್‌ಸ್ಕಿ ಇದಕ್ಕೆ ಅನೋಸೊಗ್ನೋಸಿಯಾ ಅಂತ ಹೆಸರಿಟ್ಟರು. ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ ಇದು ಜಾಸ್ತಿ. ಇಂಥವರ ಎಡಕಿವಿಗೆ ಡಾಕ್ಟರು ತಣ್ಣೀರು ಬಿಟ್ಟಾಗ, ಸ್ವಲ್ಪ ಹೊತ್ತು ಅರಿವು ಬಂದು ಮತ್ತೆ ಹೋದದ್ದೂ ಉಂಟು. ಇದು ಚಿಕಿತ್ಸೆ ಅಲ್ಲ, ಮನೆಯಲ್ಲಿ ಖಂಡಿತ ಮಾಡಬೇಡಿ. ಆದರೆ ‘ನನಗೆ ಕಾಯಿಲೆ ಇದೆ’ ಅನ್ನುವ ಅರಿವೂ ಮಿದುಳಿನ ಒಂದು ಕೆಲಸ ಅನ್ನುವುದು ಇದರಿಂದ ಗೊತ್ತಾಗುತ್ತದೆ, ಅಲ್ವಾ?

ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜ ಅಂತ ನಂಬಿಸುವ ಮನೋರೋಗ, ಇರುವವರಲ್ಲಿ ಸುಮಾರು ಅರ್ಧ ಜನರಿಗೆ ಈ ಅರಿವು ಕುಂದಿರುತ್ತದೆ. ಇಂಥವರ ಮಿದುಳಿನಲ್ಲಿ ಹಣೆಯ ಹಿಂದಿನ ಭಾಗ, ನೆತ್ತಿಯ ಕೆಳಗಿನ ಭಾಗ, ಒಳಗೆ ಹುದುಗಿರುವ ಇನ್ಸುಲಾ ಅನ್ನುವ ಭಾಗ, ಇವುಗಳಲ್ಲಿ ವ್ಯತ್ಯಾಸ ಇರುವುದನ್ನು ಎಂಆರ್‌ಐ ಅಧ್ಯಯನಗಳು ಕಂಡಿವೆ. ಇದನ್ನು ಓದಿದ ದಿನ ಅಣ್ಣನ ಮೇಲಿನ ನನ್ನ ಸಿಟ್ಟು ಇಳಿಯಿತು.

ಆದರೆ ಸ್ಕ್ಯಾನ್‌ಗೆ ಓಡಬೇಡಿ

ಆ ವ್ಯತ್ಯಾಸ ಕಾಣುವುದು ಹತ್ತಾರು ಜನರ ಸರಾಸರಿಯಲ್ಲಿ. ಒಬ್ಬರ ಸ್ಕ್ಯಾನ್ ಅಥವಾ ರಕ್ತ ನೋಡಿ ಇದನ್ನು ಹೇಳಲು ಆಗುವುದಿಲ್ಲ. ಬೇರೆ ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಳ್ಳಲು ಡಾಕ್ಟರೇ ಬರೆದುಕೊಟ್ಟರೆ ಮಾಡಿಸಿ.

ನೋಟ್‌ಬುಕ್ ಇಡಿ, ಮೊದಲು ನೀವೇ ಹೋಗಿ

ನಿದ್ದೆ ಎಷ್ಟು, ಊಟ ಹೇಗೆ, ಏನು ಮಾತಾಡಿದರು ಅಂತ ದಿನವೂ ಎರಡು ಸಾಲು ಬರೆಯಿರಿ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮನೋರೋಗ ವಿಭಾಗದಲ್ಲಿ ಅದನ್ನು ತೋರಿಸಿ. 14416, ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಉಚಿತ. ಕನ್ನಡದಲ್ಲೇ ಮಾತಾಡಬಹುದು.

ವಾದ ಬಿಡಿ, ಅವರ ಕಷ್ಟ ಹಿಡಿಯಿರಿ

‘ಯಾರೂ ಬೈತಿಲ್ಲ, ಸುಮ್ನಿರು’ ಅಂದರೆ ಅವರು ದೂರ ಸರಿಯುತ್ತಾರೆ. ಹೌದು ಅಂತ ಸುಳ್ಳು ಹೇಳುವುದೂ ಬೇಡ. ‘ನಂಗೆ ಕೇಳಿಸ್ತಿಲ್ಲಣ್ಣ, ಆದ್ರೆ ನಿಂಗೆ ಎಷ್ಟು ಹಿಂಸೆ ಆಗ್ತದೆ ಅಂತ ಕಾಣ್ತದೆ’ ಅನ್ನಿ. ಅವರೇ ಒಪ್ಪುವ ಒಂದು ತೊಂದರೆ ಇದ್ದೇ ಇರುತ್ತದೆ. ನಮ್ಮಣ್ಣನಿಗೆ ಅದು ನಿದ್ದೆ. ‘ರಾತ್ರಿಯೆಲ್ಲ ಎದ್ದಿರ್ತೀಯ, ನಿದ್ದೆಗೆ ಏನಾದ್ರೂ ಕೇಳನ ಬಾ’ ಅಂದೆ. ಮೂರನೇ ಸಲಕ್ಕೆ ಚಪ್ಪಲಿ ಹಾಕಿಕೊಂಡ.

ಸಾರಿನಲ್ಲಿ ಗುಟ್ಟಾಗಿ ಮಾತ್ರೆ ಬೆರೆಸಬೇಡಿ. ಗೊತ್ತಾದ ದಿನ ಊಟವನ್ನೂ ಬಿಡುತ್ತಾರೆ, ನಿಮ್ಮನ್ನೂ ಬಿಡುತ್ತಾರೆ. ಜೀವಕ್ಕೆ ಅಪಾಯ ಕಂಡರೆ ಮಾತ್ರ ಕಾಯಬೇಡಿ, 112ಕ್ಕೆ ಕರೆ ಮಾಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 89ನೇ ಸೆಕ್ಷನ್ ಪ್ರಕಾರ, ಒಬ್ಬ ಮನೋವೈದ್ಯರೂ, ಜೊತೆಗೆ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರೋ ವೈದ್ಯರೋ ನೋಡಿ ಒಪ್ಪಿದರೆ ರೋಗಿಯನ್ನು 30 ದಿನದವರೆಗೆ ದಾಖಲು ಮಾಡಿಕೊಳ್ಳಬಹುದು.

ಅಣ್ಣನಿಗೆ ಈಗ ತಿಂಗಳಿಗೊಂದು ಇಂಜೆಕ್ಷನ್. ಕಾಯಿಲೆ ಅಂತ ಇವತ್ತಿಗೂ ಒಪ್ಪಿಲ್ಲ. ‘ನಿದ್ದೆ ಸೂಜಿ’ ಅನ್ನುತ್ತಾನೆ. ತಾರೀಕನ್ನು ಕ್ಯಾಲೆಂಡರಿನಲ್ಲಿ ಅವನೇ ಗುರುತು ಹಾಕುತ್ತಾನೆ.