ಪುಟಾಣಿಗಳಿರುವ ಮನೆಯಲ್ಲಿ ಹ್ಯಾಲೋವೀನ್: ಎಲೆಯಿಂದ ಗಾರಿಗೆವರೆಗೆ

ಅಮೆರಿಕದಲ್ಲಿ ಅಕ್ಟೋಬರ್ ಬಂತೆಂದರೆ ಅಂಗಡಿಗಳ ತುಂಬ ಕಿತ್ತಳೆ ಬಣ್ಣ. ಅಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಎಷ್ಟೋ ವರ್ಷ ದಸರಾ ಗೊಂಬೆಗಳನ್ನು ಎತ್ತಿಟ್ಟು ದೀಪಾವಳಿಗೆ ಅಣಿಯಾಗುವ ನಡುವೆಯೇ, ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ತೊಟ್ಟು ಮನೆಮನೆಗೆ ಹೋಗಿ ಸಿಹಿ ಪಡೆಯುವ ಹಬ್ಬವಾದ ಹ್ಯಾಲೋವೀನ್ ಬಂದು ನಿಲ್ಲುತ್ತದೆ. 2024ರಲ್ಲಂತೂ ನರಕ ಚತುರ್ದಶಿಯೂ ಅಕ್ಟೋಬರ್ 31ರಂದೇ ಬಂದಿತ್ತು. ಎರಡರಿಂದ ಐದು ವರ್ಷದ ಮಕ್ಕಳಿರುವವರು ಈ ಹಬ್ಬವನ್ನು ಒಂದೇ ಸಂಜೆಗೆ ತುರುಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕತ್ತಲು, ಮುಖವಾಡ, ಸಿಹಿ, ಅಪರಿಚಿತರ ಬಾಗಿಲು ಎಲ್ಲವೂ ಒಮ್ಮೆಲೇ ಎದುರಾದರೆ ಅಷ್ಟು ಸಣ್ಣ ಮಗು ಅಳದೆ ಇನ್ನೇನು ಮಾಡೀತು? ತಿಂಗಳ ಉದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ, ಬಹುಪಾಲು ಮನೆಯಲ್ಲೇ ಆಚರಿಸಿದರೆ ಮಗುವಿಗೆ ಅದು ನಿಜವಾದ ಹಬ್ಬವಾಗುತ್ತದೆ.

ಮೊದಲು ಎಲೆ

ಒಂದು ಚೀಲ ಹಿಡಿದು ಮಗುವಿನೊಂದಿಗೆ ಬೀದಿಯ ಕೊನೆಯವರೆಗೆ ನಡೆಯಿರಿ. ಬಿದ್ದ ಎಲೆಗಳನ್ನು ಅದೇ ಆರಿಸಲಿ. ಎಲೆ ಏಕೆ ಬಣ್ಣ ಬದಲಿಸಿತು ಎಂದು ಕೇಳಿದರೆ ನಿಜವನ್ನೇ ಹೇಳಿ, ಮೂರು ವರ್ಷದ ಮಗುವಿಗೂ ಅದು ಅರ್ಥವಾಗುತ್ತದೆ. ಹಗಲು ಕಿರಿದಾದಂತೆ ಎಲೆಯೊಳಗಿನ ಹಸಿರು ಕರಗುತ್ತದೆ. ಹಳದಿ ಬಣ್ಣ ಮೊದಲಿನಿಂದಲೂ ಒಳಗೇ ಇತ್ತು, ಹಸಿರು ಸರಿದ ಮೇಲೆ ಕಣ್ಣಿಗೆ ಬಿತ್ತು. ಕೆಂಪು ಮಾತ್ರ ಹೊಸದು, ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆ ದಿನಗಳಲ್ಲೇ ತಯಾರಾಗುವಂಥದ್ದು. ಬಿಸಿಲಿನ ಹಗಲು ಮತ್ತು ಮಂಜುಗಟ್ಟದಷ್ಟು ತಣ್ಣಗಿನ ರಾತ್ರಿಗಳು ಒಂದರ ಹಿಂದೊಂದು ಬಂದ ವರ್ಷ ಮೇಪಲ್ ಮರಗಳ ಕೆಂಪು ಹೆಚ್ಚು ಗಾಢ.

ಇಲ್ಲೊಂದು ಎಚ್ಚರಿಕೆ. ಪಾಯ್ಸನ್ ಐವಿ ಎಂಬ ಬಳ್ಳಿಯೂ ಇದೇ ಕಾಲದಲ್ಲಿ ಚೆಂದವಾಗಿ ಕೆಂಪಾಗುತ್ತದೆ. ಒಂದೇ ತೊಟ್ಟಿನಲ್ಲಿ ಮೂರು ಎಲೆ ಕಂಡರೆ ಮುಟ್ಟಬಾರದು ಎಂದು ಮೊದಲೇ ಹೇಳಿಕೊಡಿ. ಅದರ ಅಂಟು ತಾಗಿದರೆ ತುರಿಕೆ, ಗುಳ್ಳೆ ಏಳುತ್ತವೆ. ಒಣಗಿ ಬಿದ್ದ ಎಲೆಯಲ್ಲೂ ಆ ಅಂಟು ಉಳಿದಿರುತ್ತದೆ.

ಮನೆಗೆ ಬಂದ ಮೇಲೆ ಒಳ್ಳೆಯ ಎಲೆಗಳನ್ನು ಪತ್ರಿಕೆಯ ಹಾಳೆಗಳ ನಡುವೆ ಹರಡಿ, ದಪ್ಪ ಪುಸ್ತಕಗಳ ಭಾರ ಹೇರಿ ಒಂದು ವಾರ ಬಿಡಿ. ಮಗುವಿಗೆ ಅಷ್ಟು ತಾಳ್ಮೆ ಎಲ್ಲಿ? ಉಳಿದ ಎಲೆಗಳಲ್ಲಿ ಒಂದನ್ನು ನರಗಳ ಬದಿ ಮೇಲಾಗುವಂತೆ ಮೇಜಿನ ಮೇಲಿಟ್ಟು, ಮೇಲೊಂದು ತೆಳು ಕಾಗದ ಹಾಸಿ. ಕ್ರೇಯಾನಿನ ಸುತ್ತುಕಾಗದ ಬಿಚ್ಚಿ, ಅದನ್ನು ಅಡ್ಡ ಮಲಗಿಸಿ ಮೆಲ್ಲಗೆ ತಿಕ್ಕಲು ಹೇಳಿ. ಮೊದಲು ಅಂಚು, ಆಮೇಲೆ ನಡುನರ, ಕೊನೆಗೆ ಕೂದಲೆಳೆಯಂಥ ಕವಲುಗಳು ಕಾಗದದ ಮೇಲೆ ಮೂಡುತ್ತವೆ. ಆಗ ಮಗುವಿನ ಮುಖ ನೋಡಬೇಕು!

ಕುಂಬಳಕಾಯಿ ಕೊರೆಯುವ ಬಗೆ

ಸಂತರ ದಿನವಾದ ನವೆಂಬರ್ 1ರ ಹಿಂದಿನ ಸಂಜೆಯೇ ಹ್ಯಾಲೋವೀನ್. ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ನಲ್ಲಿ ಹಿಂದೆ ಟರ್ನಿಪ್ ಗಡ್ಡೆಗಳನ್ನು ಕೊರೆದು ದೀಪವಿಡುತ್ತಿದ್ದರು. ಅಮೆರಿಕದಲ್ಲಿ ಆ ಜಾಗಕ್ಕೆ ಅಲ್ಲಿನದೇ ಬೆಳೆಯಾದ ಕುಂಬಳಕಾಯಿ ಬಂತು. ಹೊಸ ಮನೆಯ ಮುಂದೆ ರಕ್ಕಸನ ಮುಖ ಬರೆದ ಬೂದುಗುಂಬಳ ತೂಗುಹಾಕುವುದನ್ನು ಕಂಡಿರುವ ನಮ್ಮ ಅಜ್ಜ ಅಜ್ಜಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ತಳ ಚಪ್ಪಟೆಯಾಗಿರುವ, ತೊಟ್ಟು ಗಟ್ಟಿಯಾಗಿರುವ ಕಾಯಿ ಆರಿಸಿ. ಎಲ್ಲೂ ಮೆತ್ತಗಾಗಿರಬಾರದು. ತೊಟ್ಟು ಹಿಡಿದು ಎತ್ತಿದರೆ ಅದು ಕಿತ್ತು ಬರುತ್ತದೆ, ಅಲ್ಲಿಂದಲೇ ಕೊಳೆಯಲು ಶುರುವಾಗುತ್ತದೆ. ಇಡೀ ಕಾಯಿ ತಂಪಾದ ಜಾಗದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಕೊರೆದದ್ದು ಕೆಲವೇ ದಿನಗಳಲ್ಲಿ ಬೂಸಲು ಹಿಡಿಯುತ್ತದೆ. ಹಾಗಾಗಿ ತಿಂಗಳ ಆರಂಭದಲ್ಲಿ ಕೊರೆಯುವ ಗೊಡವೆ ಬೇಡ. ಬಣ್ಣ, ಸ್ಟಿಕ್ಕರ್ ಕೊಟ್ಟು ಕಾಯಿಯನ್ನು ಮಗುವಿಗೆ ಬಿಟ್ಟುಬಿಡಿ. ಕಣ್ಣು ಎರಡೇ ಇರಬೇಕೆಂದು ತಿದ್ದಲು ಹೋಗಬೇಡಿ.

ಅಕ್ಟೋಬರ್ 28 ಅಥವಾ 29ಕ್ಕೆ ಕೊರೆಯಿರಿ. ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ. ಚಾಕು ಹಿಡಿಯುವುದು ದೊಡ್ಡವರ ಕೆಲಸ, ಇದರಲ್ಲಿ ರಿಯಾಯಿತಿ ಇಲ್ಲ. ತೊಟ್ಟಿನ ಸುತ್ತ ಮುಚ್ಚಳ ಕತ್ತರಿಸುವಾಗ ಚಾಕುವಿನ ತುದಿ ಒಳಮುಖವಾಗಿ ಓರೆಯಾಗಿರಲಿ, ಆಗ ಮುಚ್ಚಳ ಒಳಗೆ ಬೀಳುವುದಿಲ್ಲ. ಒಳಗಿನ ನಾರು, ಬೀಜ ತೆಗೆಯುವುದು ಮಗುವಿನ ಪಾಲು. ತಣ್ಣಗೆ, ಲೋಳೆಯಾಗಿ ಬೆರಳಿಗೆ ಸುತ್ತಿಕೊಳ್ಳುವ ಆ ನಾರು ಕೆಲವು ಮಕ್ಕಳಿಗೆ ಬಲು ಖುಷಿ, ಕೆಲವರಿಗೆ ಅಸಹ್ಯ. ಅಸಹ್ಯಪಡುವ ಮಗುವಿಗೆ ದೊಡ್ಡ ಚಮಚ ಕೊಡಿ, ಒತ್ತಾಯ ಬೇಡ. ಮುಖದ ಚಿತ್ರವನ್ನು ಕಾಗದದಲ್ಲಿ ಮಗುವೇ ಬರೆಯಲಿ. ಅದನ್ನು ಕಾಯಿಗೆ ಅಂಟಿಸಿ, ಗೆರೆಯುದ್ದಕ್ಕೂ ಮೊಳೆಯಿಂದ ಚುಚ್ಚಿಕೊಂಡು, ಚುಕ್ಕೆ ಹಿಡಿದು ಸಣ್ಣ ಗರಗಸದಲ್ಲಿ ಕತ್ತರಿಸಿ. ಒಳಗೆ ಬ್ಯಾಟರಿ ದೀಪವೇ ಇರಲಿ. ತೆಳು ಬಟ್ಟೆಯ ವೇಷ ತೊಟ್ಟು ಓಡಾಡುವ ಮಕ್ಕಳ ಹತ್ತಿರ ಮೇಣದ ಬತ್ತಿ ಖಂಡಿತ ಬೇಡ.

ಒಂದಿಷ್ಟು ಅಡುಗೆ

ಬೀಜ ತೊಳೆದು, ಒರೆಸಿ, ಎಣ್ಣೆ, ಉಪ್ಪು, ಚಿಟಿಕೆ ಜೀರಿಗೆ ಪುಡಿ ಸವರಿ 325 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಇಪ್ಪತ್ತು ನಿಮಿಷದ ಆಸುಪಾಸು ಒವನ್‌ನಲ್ಲಿ ಹುರಿಯಿರಿ. ನಾಲ್ಕು ವರ್ಷದೊಳಗಿನವರಿಗೆ ಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಕೊರೆಯುವ ದೊಡ್ಡ ಕಾಯಿಯ ತಿರುಳು ನೀರು ನೀರು, ರುಚಿಯಿಲ್ಲ. ಅಡುಗೆಗೆಂದೇ ಮಾರುವ ಪುಟ್ಟ ಸಿಹಿ ಕಾಯಿಯೊಂದನ್ನು ಪ್ರತ್ಯೇಕವಾಗಿ ತನ್ನಿ. ಅದರಲ್ಲಿ ಉತ್ತರ ಕರ್ನಾಟಕದ ಕುಂಬಳಕಾಯಿ ಗಾರಿಗೆ ಮಾಡಬಹುದು. ಎರಡು ಬಟ್ಟಲು ತುರಿಗೆ ಒಂದು ಬಟ್ಟಲು ಬೆಲ್ಲ ಸೇರಿಸಿ, ನೀರು ಹಾಕದೆ ಮೆತ್ತಗೆ ಬೇಯಿಸಿ. ಏಲಕ್ಕಿ, ಚಿಟಿಕೆ ಉಪ್ಪು ಹಾಕಿ ಆರಲು ಬಿಡಿ. ಹಿಡಿಸುವಷ್ಟು ಗೋಧಿ ಹಿಟ್ಟು, ಒಂದಿಷ್ಟು ಸಣ್ಣ ರವೆ ಕಲಸಿ ಗಟ್ಟಿ ಕಣಕ ಮಾಡಿ. ಎಣ್ಣೆ ಸವರಿದ ಹಾಳೆಯ ಮೇಲೆ ತಟ್ಟಿ, ಗಸಗಸೆ ಒತ್ತಿ, ಹದವಾದ ಉರಿಯಲ್ಲಿ ಕರಿಯಿರಿ. ತಟ್ಟುವುದು, ಗಸಗಸೆ ಉದುರಿಸುವುದು ಮಕ್ಕಳ ಕೆಲಸ.

ಆ ಸಂಜೆ

ವೇಷವನ್ನು ಎರಡು ದಿನ ಮೊದಲೇ ಮನೆಯಲ್ಲಿ ತೊಡಿಸಿ ಆಡಲು ಬಿಡಿ. ಮುಖವಾಡಕ್ಕಿಂತ ಮುಖಕ್ಕೆ ಬಣ್ಣ ಹಚ್ಚುವುದು ಮೇಲು. ಕಣ್ಣಿಗೆ ಅಡ್ಡವಾಗುವುದಿಲ್ಲ, ಕನ್ನಡಿಯ ಮುಂದೆ ಹಚ್ಚಿದರೆ ಒಳಗಿರುವುದು ತಾನೇ ಎಂದು ಮಗುವಿಗೂ ಗೊತ್ತಾಗುತ್ತದೆ. ಹೊಸ ಬಣ್ಣವನ್ನು ಮುಂಗೈಗೆ ಹಚ್ಚಿ ಪರೀಕ್ಷಿಸಿ. ವೇಷ ಕಾಲಿಗೆ ತೊಡರದಂತೆ ಗಿಡ್ಡಗಿರಲಿ, ಒಳಗೆ ಸ್ವೆಟರ್ ಹಿಡಿಸುವಷ್ಟು ಸಡಿಲವಾಗಿರಲಿ.

ಅಂಗಳದಲ್ಲಿ ಆಳೆತ್ತರದ ಅಸ್ಥಿಪಂಜರ ನಿಲ್ಲಿಸುವ ಮನೆಗಳಿರುತ್ತವೆ. ಹಗಲಿನಲ್ಲಿ ಒಮ್ಮೆ ಆ ದಾರಿಯಲ್ಲಿ ಕರೆದೊಯ್ದು, ಅದು ಪ್ಲಾಸ್ಟಿಕ್ ಎಂದು ತೋರಿಸಿ. 31ರಂದು ಕತ್ತಲಾಗುವ ಮೊದಲೇ ಹೊರಟು, ಪರಿಚಯದ ಮೂರ್ನಾಲ್ಕು ಮನೆಗಳಿಗೆ ಹೋಗಿ ಬಂದರೆ ಬೇಕಾದಷ್ಟಾಯಿತು. ಮಗು ಬೇಡವೆಂದರೆ ಹೋಗಲೇಬೇಕೆಂದಿಲ್ಲ. ಮನೆಯಲ್ಲೇ ಉಳಿದು, ಬಂದ ಮಕ್ಕಳಿಗೆ ಬುಟ್ಟಿ ಹಿಡಿದು ಸಿಹಿ ಹಂಚುವುದೂ ಅಷ್ಟೇ ಸಂಭ್ರಮ. ಊರಿನಿಂದ ಬಂದ ಅಜ್ಜಿ ಜೊತೆಗಿದ್ದರಂತೂ ಕೇಳುವುದೇ ಬೇಡ. ಹೊರಬಾಗಿಲ ದೀಪ ಉರಿಯುತ್ತಿದ್ದರೆ ಮಕ್ಕಳು ಬರುತ್ತಾರೆ, ಆರಿಸಿದರೆ ಸಾಮಾನ್ಯವಾಗಿ ಮುಂದೆ ಹೋಗುತ್ತಾರೆ. ನೀಲಿ-ಹಸಿರು ಬಣ್ಣ ಬಳಿದ ಕುಂಬಳಕಾಯಿ ಬಾಗಿಲಲ್ಲಿದ್ದರೆ ಅಲರ್ಜಿ ಇರುವ ಮಕ್ಕಳಿಗಾಗಿ ಅಲ್ಲಿ ಆಟಿಕೆ, ಸ್ಟಿಕ್ಕರ್‌ನಂಥ ತಿನ್ನದ ಉಡುಗೊರೆಯೂ ಇದೆ ಎಂದರ್ಥ. ಒಳ್ಳೆಯ ಪದ್ಧತಿ, ನೀವೂ ಒಂದು ಇಡಿ.

ಮನೆಗೆ ಮರಳಿದ ಮೇಲೆ ಚೀಲ ಸುರಿದು ವಿಂಗಡಿಸಿ. ಗಟ್ಟಿ ಪೆಪ್ಪರ್‌ಮಿಂಟು, ಚೂಯಿಂಗ್ ಗಮ್, ಇಡೀ ಬೀಜಗಳಿರುವ ತಿನಿಸು ಪುಟ್ಟವರಿಗೆ ಬೇಡ. ಸಸ್ಯಾಹಾರಿಗಳು ಗಮ್ಮಿ, ಮಾರ್ಷ್‌ಮೆಲೊ, ಕ್ಯಾಂಡಿ ಕಾರ್ನ್‌ಗಳ ಪೊಟ್ಟಣದ ಹಿಂಬದಿ ಓದಿ. ಇವುಗಳಲ್ಲಿ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಾಟಿನ್ ಇರುತ್ತದೆ.

ಹಬ್ಬ ಮುಗಿದ ಮೇಲೆ ಕುಂಬಳಕಾಯಿಯನ್ನು ಕಸದ ಡಬ್ಬಿಗೆ ಎಸೆಯಬೇಡಿ. ಸ್ಟಿಕ್ಕರ್ ಕಿತ್ತು, ಬಣ್ಣದ ಸಿಪ್ಪೆ ಹೆರೆದು, ತುಂಡು ಮಾಡಿ ಹಿತ್ತಲಿನ ಗೊಬ್ಬರದ ಗುಂಡಿಗೆ ಹಾಕಿ. ಬೀಜ ಉಳಿದಿದ್ದರೆ ಮೊದಲೇ ತೆಗೆದುಬಿಡಿ, ಇಲ್ಲವಾದರೆ ಬೇಸಿಗೆಯಲ್ಲಿ ಗುಂಡಿಯ ತುಂಬ ಬಳ್ಳಿ ಹಬ್ಬುತ್ತದೆ.