ಹೊಸಪೇಟೆಯಿಂದ ಬಾದಾಮಿಗೆ ಆರು ದಿನದ ಸೈಕಲ್ ಪ್ರವಾಸ: ಹೊರಡುವುದು ಹೇಗೆ?

ಹಂಪಿಯಿಂದ ಬಾದಾಮಿಗೆ ಕಾರಿನಲ್ಲಿ ಮೂರ್ನಾಲ್ಕು ಗಂಟೆಯ ದಾರಿ. ಇವತ್ತು ಹಂಪಿಯ ವಿರೂಪಾಕ್ಷ, ನಾಳೆ ಬಾದಾಮಿಯ ಮೇಣಬಸದಿ ಗುಹೆಗಳು, ರಾತ್ರಿ ವಾಪಸ್ ಬಸ್ಸು. ನಾನೂ ಎರಡು ಸಲ ಹಾಗೇ ನೋಡಿ ಬಂದಿದ್ದೆ. ಮೂರನೇ ಸಲ ಸೈಕಲ್ ತಗೊಂಡು ಹೋದೆ. ನಡುವೆ ಬಿಟ್ಟುಹೋಗಿದ್ದೇ ಜಾಸ್ತಿ ಅಂತ ಆಗ ಗೊತ್ತಾಯಿತು.

ಈ ದಾರಿಯಲ್ಲಿ ಮುಂದೆ ಮುಂದೆ ಹೋದಷ್ಟೂ ಕಾಲ ಹಿಂದಕ್ಕೆ ಸರಿಯುತ್ತದೆ. ಮೊದಲು ವಿಜಯನಗರ, ಆಮೇಲೆ ಕಲ್ಯಾಣ ಚಾಲುಕ್ಯರು, ಕೊನೆಗೆ ಬಾದಾಮಿ ಚಾಲುಕ್ಯರು. ಕಲ್ಲೂ ಬದಲಾಗುತ್ತದೆ. ಹಂಪಿಯ ಒರಟು ಕಣಶಿಲೆ, ಲಕ್ಕುಂಡಿಯ ನುಣ್ಣನೆ ಬಳಪದ ಕಲ್ಲು, ಬಾದಾಮಿಯ ಕೆಂಪು ಮರಳುಗಲ್ಲು. ಸೈಕಲ್ ಮೇಲಿದ್ದರೆ ಈ ಬದಲಾವಣೆ ನಿಧಾನಕ್ಕೆ ಕಣ್ಣಿಗೆ ಬೀಳುತ್ತದೆ. ಒಟ್ಟು ದೂರ ಹೆಚ್ಚುಕಡಿಮೆ 300 ಕಿಲೋಮೀಟರ್. ದಾರಿ ಬಹುಪಾಲು ಬಯಲು. ದೊಡ್ಡ ಘಾಟಿ ಇಲ್ಲ.

ಯಾವಾಗ, ಯಾವ ಕಡೆಯಿಂದ?

ನವೆಂಬರ್ ಕೊನೆಯಿಂದ ಫೆಬ್ರವರಿ ನಡುವೆ ಹೊರಡಿ. ಮಾರ್ಚ್ ಬಂತೆಂದರೆ ಬಿಸಿಲಿಗೆ ರಸ್ತೆಯೇ ಹಂಚಾಗುತ್ತದೆ. ಮಳೆಗಾಲದಲ್ಲಿ ಎರೆ ಮಣ್ಣಿನ ಕಾಟ. ಒಮ್ಮೆ ಡಾಂಬರು ಬಿಟ್ಟು ಕೆಳಗಿಳಿದರೆ ಸಾಕು, ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಹಿಟ್ಟಿನಂತೆ ಮೆತ್ತಿಕೊಂಡು ಚಕ್ರ ತಿರುಗುವುದೇ ಇಲ್ಲ.

ಬಾದಾಮಿಯಿಂದ ಶುರುಮಾಡಿ ಹಂಪಿಯಲ್ಲಿ ಮುಗಿಸಬಹುದಲ್ವಾ ಅಂತ ಕೇಳುತ್ತೀರಿ. ಮಾಡಬಹುದು. ಆದರೆ ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುತ್ತದೆ. ಹೊಸಪೇಟೆಯಿಂದ ಗದಗದವರೆಗೆ ನಾವು ಪಡುವಣಕ್ಕೆ ಹೋಗುವವರು, ಗಾಳಿ ಬೆನ್ನಿಗಿರುತ್ತದೆ. ಗದಗದ ಸುತ್ತ ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಎದುರುಗಾಳಿಯಲ್ಲಿ ದಿನವಿಡೀ ತುಳಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಸೈಕಲ್ ಮತ್ತು ಸಾಮಾನು

ದುಬಾರಿ ಸೈಕಲ್ ಬೇಡ. ಏಳೆಂಟು ಗೇರಿನ ಸಾಧಾರಣ ಸೈಕಲ್ ಸಾಕು. ಟೈರು ಮಾತ್ರ ತೀರಾ ತೆಳ್ಳಗಿರಬಾರದು, 35 ಮಿಲಿಮೀಟರ್ ಆಸುಪಾಸು ಇರಲಿ. ಸಾಮಾನು ಬೆನ್ನಿಗೆ ಹಾಕಬೇಡಿ. ಕ್ಯಾರಿಯರ್‌ನ ಎರಡೂ ಕಡೆ ಚೀಲ ತೂಗುಹಾಕಿ, ತೂಕ ಎಂಟು ಕೆ.ಜಿ. ದಾಟದಂತೆ ನೋಡಿಕೊಳ್ಳಿ. ಎರಡು ಜೊತೆ ಬಟ್ಟೆ, ಒಂದು ಪಂಚೆ, ಒಂದು ಶಾಲು. ಮೂರು ಲೀಟರ್ ನೀರು ಹಿಡಿಯುವಷ್ಟು ಬಾಟಲಿ. ಒಂದು ಜೊತೆ ದಪ್ಪ ಕಾಲುಚೀಲವೂ ಇರಲಿ: ಮಧ್ಯಾಹ್ನ ಗುಡಿಯ ಅಂಗಳದಲ್ಲಿ ಬರಿಗಾಲಿಟ್ಟರೆ ಕುಣಿಯಬೇಕಾಗುತ್ತದೆ.

ಹೊರಡುವ ಮೂರು ವಾರ ಮೊದಲೇ ಅಭ್ಯಾಸ ಶುರುಮಾಡಿ. ಇಷ್ಟೇ ಸಾಮಾನು ಹೇರಿಕೊಂಡು, ಶನಿವಾರ 40 ಕಿಲೋಮೀಟರ್, ಭಾನುವಾರ ಮತ್ತೆ 40. ಎರಡನೇ ದಿನ ಸೀಟಿನ ಮೇಲೆ ಕೂರಲು ಆಗುತ್ತದಾ ಅನ್ನುವುದೇ ನಿಜವಾದ ಪರೀಕ್ಷೆ. ಆಗದಿದ್ದರೆ ಸೀಟು ಒಂದೆರಡು ಬೆರಳು ಮೇಲೆಕೆಳಗೆ ಮಾಡಿ ನೋಡಿ. ಪೆಡಲ್ ಕೆಳಗಿದ್ದಾಗ ಮೊಣಕಾಲು ಸ್ವಲ್ಪವೇ ಬಾಗಿರಬೇಕು.

ಪಂಕ್ಚರ್ ಪುರಾಣ

ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು. ಈ ಸೀಮೆಯಲ್ಲಿ ಸೈಕಲ್ಲಿಗೆ ಶತ್ರು ಲಾರಿಯಲ್ಲ, ಮುಳ್ಳು. ರಸ್ತೆ ಪಕ್ಕದ ತುಂಬಾ ಬಳ್ಳಾರಿ ಜಾಲಿ, ನೆಲದ ಮೇಲೆ ನೆಗ್ಗಿಲು. ನನಗೆ ಕುಕನೂರಿನ ಹತ್ತಿರ ಮೊದಲ ಪಂಕ್ಚರ್ ಆಯಿತು. ಟ್ಯೂಬ್ ಬಿಚ್ಚಿ, ಪ್ಯಾಚ್ ಹಚ್ಚಿ, ಪಂಪು ಹೊಡೆದು ಹೆಮ್ಮೆಯಿಂದ ಹೊರಟೆ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಅದೇ ಚಕ್ರ ಮತ್ತೆ ಚಪ್ಪಟೆ. ನೂಕಿಕೊಂಡು ಊರು ಮುಟ್ಟಿದೆ. ಪಂಕ್ಚರ್ ಅಂಗಡಿಯ ಅಜ್ಜ ಟ್ಯೂಬಿನ ಕಡೆ ನೋಡಲೇ ಇಲ್ಲ. ಟೈರು ಕೈಗೆ ತಗೊಂಡು, ಒಂದು ಹಳೇ ಬನಿಯನ್ ಚೂರನ್ನು ಒಳಗಡೆ ಸುತ್ತ ಎಳೆಯುತ್ತಾ ಬಂದ. ಒಂದು ಕಡೆ ಬಟ್ಟೆಯ ಎಳೆ ಸಿಕ್ಕಿಕೊಂಡಿತು. ಇಕ್ಕಳದಲ್ಲಿ ಹಿಡಿದು ತೆಗೆದರೆ ಅಕ್ಕಿಕಾಳಿನಷ್ಟು ಮುಳ್ಳಿನ ತುದಿ. 'ಮುಳ್ಳ ತಗೀಲಾರ್ದ ಪ್ಯಾಚ್ ಹಚ್ಚಿದ್ರ ಏನ್ ಬಂತ್ರೀ ಸರ?' ಅಂದ.

ಅವತ್ತಿನಿಂದ ಕ್ರಮ ಹೀಗೆ. ಮೊದಲು ಟೈರಿನ ಒಳಗೆ ಬಟ್ಟೆ ಎಳೆದು ಮುಳ್ಳು ಹುಡುಕಿ. ಬೆರಳು ಹಾಕಬೇಡಿ, ಚುಚ್ಚುತ್ತದೆ. ಟ್ಯೂಬಿಗೆ ಗಾಳಿ ತುಂಬಿ ನೀರಲ್ಲಿ ಮುಳುಗಿಸಿ, ಗುಳ್ಳೆ ಬಂದ ಕಡೆ ಪೆನ್ನಿನಿಂದ ಗುರುತು ಮಾಡಿ. ಚೆನ್ನಾಗಿ ಒರೆಸಿ ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ಸವರಿ. ತಕ್ಷಣ ಪ್ಯಾಚ್ ಒತ್ತಬಾರದು. ಅಂಟು ಸ್ವಲ್ಪ ಆರಿ ಮಂಕಾಗುವವರೆಗೆ ಕಾಯಬೇಕು. ನಾವು ತಪ್ಪುವುದು ಇಲ್ಲೇ.

ಎರಡು ಹೊಸ ಟ್ಯೂಬ್ ಜೊತೆಗಿರಲಿ. ನಿಮ್ಮ ಸೈಕಲ್ಲಿನದು ತೆಳು ಮೂತಿಯ ವಾಲ್ವ್ ಆದರೆ ಹಳ್ಳಿಯ ಪಂಪು ಹಿಡಿಯುವುದಿಲ್ಲ. ಚಿಕ್ಕ ಹಿತ್ತಾಳೆ ಅಡಾಪ್ಟರ್ ಒಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಿ.

ದಿನದ ಲೆಕ್ಕ

ಮೊದಲ ದಿನ ಹೊಸಪೇಟೆಯಿಂದ ಹಂಪಿ, ಬರೀ 13 ಕಿಲೋಮೀಟರ್. ಉಳಿದ ಹೊತ್ತು ಹಂಪಿಯಲ್ಲೇ ಸುತ್ತಾಡಿ. ಅಲ್ಲಿನ ವಿಷಯ ಎಲ್ಲರಿಗೂ ಗೊತ್ತಿರುವುದೇ.

ಎರಡನೇ ದಿನ ಬುಕ್ಕಸಾಗರದ ಸೇತುವೆ ದಾಟಿ ಆನೆಗುಂದಿ. ಅಲ್ಲಿಂದ ಸಣಾಪುರ, ಹುಲಿಗಿ ಹಾದು ಕೊಪ್ಪಳ. ಸುಮಾರು 60 ಕಿಲೋಮೀಟರ್ ಆಗಬಹುದು. ಸಣಾಪುರದವರೆಗೆ ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಬಂಡೆಗುಡ್ಡ. ಇಡೀ ದಾರಿಯಲ್ಲಿ ಇದಕ್ಕಿಂತ ಚೆಂದದ ತುಂಡು ಇಲ್ಲ ಅಂತ ನನ್ನ ಲೆಕ್ಕ. ಕೊಪ್ಪಳದಲ್ಲಿ ಸಂಜೆ ಬೆಳಕಿರುವಾಗಲೇ ಗವಿಮಠದ ಗುಡ್ಡ ಹತ್ತಿ. ಅಲ್ಲಿ ಅಶೋಕನ ಶಾಸನವಿದೆ, ಬ್ರಾಹ್ಮಿ ಲಿಪಿಯಲ್ಲಿ. ಹತ್ತಿರದ ಪಾಲ್ಕಿಗುಂಡು ಗುಡ್ಡದ ಮೇಲೆ ಇನ್ನೊಂದು. ಕಾಲ ಹಿಂದಕ್ಕೆ ಸರಿಯುತ್ತದೆ ಅಂದೆನಲ್ಲ, ಇಲ್ಲಿ ಮಾತ್ರ ಒಮ್ಮೆಲೇ ಎರಡು ಸಾವಿರ ವರ್ಷಕ್ಕೂ ಹಿಂದೆ ಜಿಗಿಯುತ್ತದೆ.

ಮೂರನೇ ದಿನವೇ ಈ ಪ್ರವಾಸದ ತಿರುಳು. ಕೊಪ್ಪಳದಿಂದ ಗದಗಕ್ಕೆ ನಾಲ್ಕು ಪಥದ ಹೆದ್ದಾರಿ ನೇರ ಹೋಗುತ್ತದೆ. ಅದನ್ನು ಹಿಡಿಯಬೇಡಿ. ಭಾನಾಪುರದಲ್ಲಿ ಬಲಕ್ಕೆ ಹೊರಳಿ ಕುಕನೂರಿಗೆ ಹೋಗಿ. ಅಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿ ಇದೆ, ಒಂಬತ್ತು ಗರ್ಭಗುಡಿಗಳ ಗುಂಪು. ಕುಕನೂರಿನಿಂದ ಇಟಗಿ ಏಳು ಕಿಲೋಮೀಟರ್.

ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅಲ್ಲಿನ ಶಾಸನ ಇದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆಯುತ್ತದೆ. ಕಟ್ಟಿಸಿದವರೇ ಹೇಳಿಕೊಂಡ ಮಾತು, ಸ್ವಲ್ಪ ಜಾಸ್ತಿಯೇ ಇರಬೇಕು ಅಂದುಕೊಂಡಿದ್ದೆ. ಕಂಬದ ಹತ್ತಿರ ಹೋಗಿ ಕೂತೆ. ಬಳೆ ಪೇರಿಸಿದಂತೆ ಸುತ್ತು ಸುತ್ತಾಗಿ ಕಡೆದ ಅಂಚು, ಒಂದೊಂದೂ ಕಾಗದದಷ್ಟು ಚೂಪು. ಕಂಬದ ಹೊಳಪಿನಲ್ಲಿ ಹೊರಗೆ ನಿಲ್ಲಿಸಿದ್ದ ನನ್ನ ಸೈಕಲ್ಲಿನ ನೆರಳು ಮಸುಕಾಗಿ ಕಾಣುತ್ತಿತ್ತು. ಜಾಸ್ತಿ ಹೇಳಿಕೊಂಡಿಲ್ಲ ಅನಿಸಿತು. ನನ್ನ ಬಿಟ್ಟರೆ ಅಲ್ಲಿದ್ದವರು ಶಾಲೆ ಬಿಟ್ಟು ಬಂದ ನಾಲ್ಕು ಹುಡುಗರು. ಅವರಿಗೆ ಗುಡಿಗಿಂತ ನನ್ನ ಗೇರಿನ ಮೇಲೇ ಕಣ್ಣು.

ಅಲ್ಲಿಂದ ಲಕ್ಕುಂಡಿ 20 ಕಿಲೋಮೀಟರ್. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ, ಕಾಶಿವಿಶ್ವೇಶ್ವರ, ಮುಸುಕಿನ ಬಾವಿ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದ ಅದೇ ಅತ್ತಿಮಬ್ಬೆ. ಕತ್ತಲಾಗುವ ಮೊದಲು 12 ಕಿಲೋಮೀಟರ್ ತುಳಿದು ಗದಗ ಸೇರಿ. ಲಾಡ್ಜು, ಖಾನಾವಳಿ ಎಲ್ಲ ಅಲ್ಲಿವೆ.

ನಾಲ್ಕನೇ ದಿನ ಗದಗದಿಂದ ರೋಣದ ಮೇಲೆ ಬಾದಾಮಿ, ಸುಮಾರು 70 ಕಿಲೋಮೀಟರ್. ಬೆಳಿಗ್ಗೆ ಆರೂವರೆಗೇ ಹೊರಡಿ. ಎರಡೂ ಕಡೆ ಎರೆ ಹೊಲ, ಬಿಳಿಜೋಳ, ಕಡಲೆ, ಕುಸುಬೆ. ನೆರಳು ಕಡಿಮೆ. ಕೆಲವು ಕಡೆ ರೈತರು ರಸ್ತೆ ಮೇಲೇ ಬೆಳೆ ಹರಡಿರುತ್ತಾರೆ, ಗಾಡಿಗಳು ಹಾದು ಕಾಳು ಉದುರಲಿ ಅಂತ. ಅದರ ಮೇಲೆ ಬ್ರೇಕ್ ಒತ್ತಿದರೆ ಜಾರುವುದು ಖಂಡಿತ. ಇಳಿದು ನೂಕಿಕೊಂಡು ಹೋಗಿ. ಕಬ್ಬು ಹೇರಿದ ಟ್ರ್ಯಾಕ್ಟರ್ ಬಂದರೂ ಅಷ್ಟೇ, ಪಕ್ಕಕ್ಕೆ ನಿಂತುಬಿಡಿ. ಹಿಂದಿನ ಟ್ರೈಲರ್ ಎತ್ತ ವಾಲುತ್ತದೋ ಓಡಿಸುವವನಿಗೂ ಗೊತ್ತಿರುವುದಿಲ್ಲ.

ಮೊಬೈಲ್ ನಕ್ಷೆ ಇಲ್ಲಿ ಹೊಲದ ಗಾಡಿದಾರಿಯನ್ನೂ ರಸ್ತೆ ಅಂತ ತೋರಿಸುತ್ತದೆ. ಕವಲು ಬಂದಾಗ ಜನರನ್ನು ಕೇಳಿ. 'ಇಲ್ಲೇ ಐತ್ರಿ' ಅಂದರೆ ಎರಡು ಕಿಲೋಮೀಟರ್ ಇರಬಹುದು, ಎಂಟೂ ಇರಬಹುದು. ಚೊಳಚಗುಡ್ಡದ ಹತ್ತಿರ ಮಲಪ್ರಭೆ ದಾಟಿದರೆ ಬನಶಂಕರಿ. ಅಲ್ಲಿ ಹೆಂಗಸರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಡಿಗೆ ಮೊಸರು ತಂದು ಮಾರುತ್ತಾರೆ. ಬಾದಾಮಿಗೆ ಇನ್ನು ಐದೇ ಕಿಲೋಮೀಟರ್, ಹೊಟ್ಟೆ ತುಂಬಾ ತಿನ್ನಿ. ಬನದ ಹುಣ್ಣಿಮೆಯ ಜಾತ್ರೆ ಹೊತ್ತಿಗೆ ಹೋಗುವುದಾದರೆ ಮಾತ್ರ ಬಾದಾಮಿಯಲ್ಲಿ ರೂಮು ಮೊದಲೇ ಹಿಡಿದಿಡಿ.

ಐದನೇ ದಿನ ಕಾಲಿಗೆ ಬಿಡುವು. ಗುಹೆಗಳನ್ನು ನಡೆದೇ ನೋಡಿ. ಮೂರನೆಯದರಲ್ಲಿ 578ರ ಶಾಸನವಿದೆ. ಕಪ್ಪೆ ಅರಭಟ್ಟನ ಶಾಸನದ ಬಂಡೆಯನ್ನೂ ಹುಡುಕಿ ಹೋಗಿ, ಕನ್ನಡದ ಹಳೆಯ ತ್ರಿಪದಿ ಅಲ್ಲಿದೆ. ತಿಂಡಿಯ ಚೀಲ ಸೈಕಲ್ಲಿನ ಮೇಲೆ ಬಿಟ್ಟು ಹೋಗಬೇಡಿ. ಬಾದಾಮಿಯ ಮಂಗಗಳಿಗೆ ಜಿಪ್ ತೆಗೆಯಲು ಬರುತ್ತದೆ.

ಆರನೇ ದಿನ ಚೀಲಗಳನ್ನು ಲಾಡ್ಜಿನಲ್ಲೇ ಇಟ್ಟು ಹಗುರವಾಗಿ ಹೊರಡಿ. ಪಟ್ಟದಕಲ್ಲು 22 ಕಿಲೋಮೀಟರ್, ಅಲ್ಲಿಂದ ಐಹೊಳೆ 14. ಅದೇ ದಾರಿಯಲ್ಲಿ ವಾಪಸ್. ಪಟ್ಟದಕಲ್ಲಿನ ವಿರೂಪಾಕ್ಷವನ್ನು ರಾಣಿ ಲೋಕಮಹಾದೇವಿ ಕಟ್ಟಿಸಿದ್ದು, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ. ಐಹೊಳೆಯಲ್ಲಿ ದುರ್ಗ ಗುಡಿಗೆ ಎಲ್ಲರೂ ಹೋಗುತ್ತಾರೆ. ನೀವು ಗುಡ್ಡದ ಮೇಲಿನ ಮೇಗುತಿ ಗುಡಿಯ ಮೆಟ್ಟಿಲನ್ನೂ ಹತ್ತಿ. 634ರಲ್ಲಿ ಕವಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಗೆ ಹೋಲಿಸಿಕೊಂಡು ಬರೆಸಿದ ಕಲ್ಲು ಅಲ್ಲಿದೆ. ಮೇಲಿನಿಂದ ಇಡೀ ಊರು, ಹೊಲ, ನೀವು ಬಂದ ರಸ್ತೆ ಕಾಣುತ್ತವೆ.

ವಾಪಸ್ ಬರುವಾಗ

ಬಾದಾಮಿ ರೈಲು ನಿಲ್ದಾಣ ಊರಿನಿಂದ ಐದು ಕಿಲೋಮೀಟರ್ ದೂರ. ಹಿಂದಿನ ದಿನವೇ ಹೋಗಿ, ಸೈಕಲ್ಲನ್ನು ಲಗೇಜಿಗೆ ಹಾಕಲು ಆಗುತ್ತದಾ ವಿಚಾರಿಸಿ. ರೈಲು ಅಲ್ಲಿ ಸ್ವಲ್ಪ ಹೊತ್ತು ಮಾತ್ರ ನಿಲ್ಲುತ್ತದೆ. ಆಗುವುದಿಲ್ಲ ಅಂದರೆ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿನ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡುವುದು ಸುಲಭ. ಟಿಕೆಟ್ ಮತ್ತು ಗುರುತಿನ ಚೀಟಿಯ ಜೆರಾಕ್ಸ್ ಇಟ್ಟುಕೊಳ್ಳಿ. ಹೆಸರು, ಫೋನ್ ನಂಬರ್, ಇಳಿಯುವ ಊರು ಬರೆದ ರಟ್ಟನ್ನು ಸೈಕಲ್ಲಿನ ಮೇಲಿನ ಪೈಪಿಗೂ ಹಿಂದಿನ ಕ್ಯಾರಿಯರ್‌ಗೂ ಕಟ್ಟಿ. ಹ್ಯಾಂಡಲ್ ಅಡ್ಡ ತಿರುಗಿಸಿ, ಗೇರಿನ ಭಾಗಕ್ಕೆ ಹಳೇ ಗೋಣಿಚೀಲ ಸುತ್ತಿ. ಪಂಪು, ದೀಪ, ನೀರಿನ ಬಾಟಲಿ ಬಿಚ್ಚಿ ನಿಮ್ಮ ಚೀಲಕ್ಕೆ ಹಾಕಿಕೊಳ್ಳಿ. ನಾನು ಬಾಟಲಿ ಅಲ್ಲೇ ಬಿಟ್ಟಿದ್ದೆ, ಬೆಂಗಳೂರಿನಲ್ಲಿ ಸೈಕಲ್ ಇಳಿಯಿತು, ಬಾಟಲಿ ಇಳಿಯಲಿಲ್ಲ.